ಹಳೆಯ ತಂಗುಮನೆಯನ್ನು ಕೊಳ್ಳುವ ಮುನ್ನ ನೀರಿನ ದಾರಿ ಹುಡುಕಿ

ಪ್ರಶ್ನೆ: ನಾವು ಮೈಸೂರಿನವರು. ಇಂಗ್ಲೆಂಡಿನ ಸಫೊಕ್‌ಗೆ ಬಂದು ಕೆಲವು ವರ್ಷಗಳಾದವು. ಹತ್ತಿರದ ಹಳ್ಳಿಯಲ್ಲಿ ಒಂದು ಮನೆ ನೋಡಿದ್ದೇವೆ. ಹಿಂದೆ ಕುದುರೆ ಗಾಡಿಗಳು ನಿಲ್ಲುತ್ತಿದ್ದ ತಂಗುಮನೆಯಂತೆ, ಆಮೇಲೆ ಪಬ್ ಆಯಿತಂತೆ. 1980ರ ದಶಕದಲ್ಲಿ ಪಬ್ ಮುಚ್ಚಿ ಮನೆ ಮಾಡಿದ್ದಾರೆ. ಪೂರ್ತಿ ಓಕ್ ಮರದ ಚೌಕಟ್ಟು, 16ನೇ ಶತಮಾನದ ಶುರುವಿನದು, ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿ ಗ್ರೇಡ್ 2 ಆಗಿ ಸೇರಿದೆ. ರಸ್ತೆ ಕಡೆ ಅರ್ಧ ಇಟ್ಟಿಗೆ, ಮಿಕ್ಕ ಗೋಡೆಗೆಲ್ಲ ಸಿಮೆಂಟ್ ಗಿಲಾವು. ಮಹಡಿಯ ನೆಲ ಎಷ್ಟು ವಾಲಿದೆ ಎಂದರೆ ಮಗನ ಚೆಂಡು ತಾನಾಗಿ ಉರುಳುತ್ತದೆ. ತೊಲೆಗಳಿಗೆಲ್ಲ ಕಪ್ಪು ಬಣ್ಣ. ಅಲ್ಲಲ್ಲಿ ಖಾಲಿ ಗುಳಿಗಳಿವೆ. ಅದು ಹಳೆಯ ಹಡಗಿನ ಮರ ಎಂದು ಏಜೆಂಟ್ ಹೇಳಿದ. ಒಲೆಯ ಪಕ್ಕದ ಕಂಬದಲ್ಲಿ ಸುಟ್ಟ ಗುರುತುಗಳಿವೆ. ನೆಲಮಾಳಿಗೆಯಿಂದ ಚರ್ಚಿಗೆ ಸುರಂಗ ಇದೆ ಅಂತಲೂ ಊರವರು ಹೇಳ್ತಾರೆ. ಸಾಲ ಕೊಡುವವರು ಮಾಡಿಸಿದ ತಪಾಸಣೆಯಲ್ಲಿ 'ತೇವ ಇದೆ, ಹುಳ ಹಿಡಿದಿದೆ; ಗೋಡೆಗೆ ರಾಸಾಯನಿಕ ಇಂಜೆಕ್ಷನ್ ಕೊಡಿ, ಮರಕ್ಕೆಲ್ಲ ಔಷಧ ಸಿಂಪಡಿಸಿ' ಎಂದು ಬಂದಿದೆ. ನಮ್ಮ ಯಜಮಾನರಿಗೆ ಹಳೆಯ ಬಾರ್ ಕೋಣೆಯ ಅಡ್ಡಗೋಡೆ ತೆಗೆದು ದೊಡ್ಡ ಅಡುಗೆಮನೆ ಮಾಡಬೇಕು, ಎಲ್ಲ ಗೋಡೆಗೂ ಫೋಮ್ ಹಾಕಿಸಿ ಬೆಚ್ಚಗೆ ಮಾಡಬೇಕು ಅಂತ ಆಸೆ. ಊರಿನಿಂದ ನಮ್ಮಪ್ಪ ದಿನಾ ಫೋನ್ ಮಾಡಿ, 'ಐನೂರು ವರ್ಷದ ಮರದ ಮನೆ, ಗೆದ್ದಲು ತಿಂದು ಟೊಳ್ಳಾಗಿರುತ್ತೆ, ಬೇಡ' ಅಂತಾರೆ. ಏನು ಮಾಡಲಿ? ಫೋಟೋಗಳನ್ನು ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ಒಂದು ಮಾತು ಹೇಳಿಬಿಡಿ. ಇಂಗ್ಲೆಂಡಿನ ಮನೆಗಳಲ್ಲಿ ನಮ್ಮ ಕಡೆಯಂತೆ ಗೆದ್ದಲಿನ ಕಾಟ ಇಲ್ಲ. ಅವರ ಭಯಕ್ಕೆ ನಮ್ಮೂರಿನಲ್ಲಿ ಅರ್ಥವಿದೆ, ಅಲ್ಲಿ ಇಲ್ಲ. ಐನೂರು ವರ್ಷ ಎನ್ನುವುದೂ ಓಕ್ ಮರಕ್ಕೆ ದೊಡ್ಡ ವಯಸ್ಸೇನಲ್ಲ. ಒಣಗಿದ್ದರೆ ಇನ್ನೂ ಐನೂರು ವರ್ಷ ನಿಲ್ಲುತ್ತದೆ.

ಒಣಗಿದ್ದರೆ, ಅಷ್ಟೇ. ನೀವು ಕೇಳಿರುವ ಪ್ರಶ್ನೆ ಹತ್ತಿದ್ದರೂ ಒಳಗಿರುವ ಚಿಂತೆ ಒಂದೇ: ಈ ಮನೆ ಗಟ್ಟಿಯಾಗಿ ನಿಂತಿದೆಯೋ, ಅಥವಾ ನಮ್ಮ ದುಡ್ಡನ್ನೆಲ್ಲ ನುಂಗುತ್ತದೋ? ಇಂಥ ಮನೆಗಳಲ್ಲೇ ಕೆಲಸ ಮಾಡಿಕೊಂಡು ಬಂದವನಾಗಿ ಹೇಳುತ್ತೇನೆ. ಮೊದಲ ನಾನೂರೈವತ್ತು ವರ್ಷಗಳು ಈ ಮನೆಗಳಿಗೆ ಮಾಡಿದ ಹಾನಿ ಕಡಿಮೆ. ಕಳೆದ ಅರವತ್ತು ಎಪ್ಪತ್ತು ವರ್ಷಗಳ 'ರಿಪೇರಿ' ಮಾಡಿದ ಹಾನಿಯೇ ಜಾಸ್ತಿ. ನಿಮ್ಮ ಫೋಟೋಗಳಲ್ಲಿ ನನ್ನ ಕಣ್ಣು ಹೋಗಿದ್ದು ವಾಲಿದ ನೆಲದ ಮೇಲಲ್ಲ, ಹುಳದ ತೂತಿನ ಮೇಲಲ್ಲ, ಹೊರಗೋಡೆಯ ಬುಡದಲ್ಲಿ ನೆಲದವರೆಗೂ ಇಳಿದಿರುವ ಆ ಸಿಮೆಂಟ್ ಗಿಲಾವಿನ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮನೆ ಹೇಗೆ ನಿಂತಿದೆ ಎಂದು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ.

ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಾಗಿಯೇ ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದು ಮರದ ಗುಳಿಯೊಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯುತ್ತಿದ್ದರು. ಚೌಕಟ್ಟಿನ ಜೋಡಣೆಗೆ ಕಬ್ಬಿಣ ಬೇಕಿರಲಿಲ್ಲ. ಇಡೀ ಚೌಕಟ್ಟನ್ನು ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡಿ, ಬಿಚ್ಚಿ, ಗಾಡಿಯಲ್ಲಿ ತಂದು ಜಾಗದಲ್ಲಿ ಎತ್ತಿ ನಿಲ್ಲಿಸುತ್ತಿದ್ದರು. ಯಾವ ಮರ ಯಾವುದಕ್ಕೆ ಸೇರಬೇಕು ಎಂದು ಗುರುತು ಬೇಕಲ್ಲ, ಅದಕ್ಕೆ ಕೀಲುಗಳ ಪಕ್ಕದಲ್ಲಿ ರೋಮನ್ ಅಂಕಿ ಗೀಚುತ್ತಿದ್ದರು. ನಾಲ್ಕಕ್ಕೆ ನಾಲ್ಕು ಗೆರೆ, ಒಂಬತ್ತಕ್ಕೆ ಐದರ ಗುರುತು ಮತ್ತು ನಾಲ್ಕು ಗೆರೆ. ಟಾರ್ಚನ್ನು ಮರಕ್ಕೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಕಾಣುತ್ತವೆ. ಮುಂದಿನ ಸಲ ಹೋದಾಗ ಮಹಡಿಯ ಕಂಬಗಳಲ್ಲಿ ಹುಡುಕಿ. ಅಂಕಿಗಳು ಸಾಲಾಗಿ ಸಿಕ್ಕರೆ ಆ ಭಾಗದ ಚೌಕಟ್ಟು ಮೂಲದ್ದೇ ಎನ್ನಬಹುದು. ಮಧ್ಯೆ ಒಂದು ಅಂಕಿ ತಪ್ಪಿದ್ದರೆ ಅಲ್ಲಿ ಯಾರೋ ಮರ ತೆಗೆದಿರುವ ಸಾಧ್ಯತೆ ಇದೆ. ಅದು ತಿಳಿಯಬೇಕಾದ ಸಂಗತಿ.

ನಮ್ಮ ಹಳೆಯ ಮನೆಗಳಂತೆ ಇವಕ್ಕೂ ಅಂಕಣದ ಲೆಕ್ಕ ಇದೆ. ಎದುರುಬದುರು ಎರಡು ಕಂಬ, ಅವನ್ನು ಹಿಡಿದು ಕಟ್ಟುವ ಒಂದು ದೊಡ್ಡ ಅಡ್ಡತೊಲೆ, ಮೂಲೆಗಳಲ್ಲಿ ಓರೆಯಾಗಿ ಬರುವ ಆಸರೆ ಮರಗಳು. ಇಂಥ ಎರಡು ಜೋಡಿಗಳ ನಡುವಿನ ಜಾಗ ಒಂದು ಅಂಕಣ. ಭಾರವನ್ನು ಗೋಡೆ ಹೊರುವುದಿಲ್ಲ, ಚೌಕಟ್ಟು ಹೊರುತ್ತದೆ. ಕಂಬಗಳ ನಡುವೆ ಇರುವುದು ಹೇಜಲ್ ಕಡ್ಡಿಗಳ ತಡಿಕೆ, ಅದಕ್ಕೆ ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದು, ಮೇಲೆ ಸುಣ್ಣದ ಗಾರೆ. ನಮ್ಮ ಹಳ್ಳಿಯ ತಡಿಕೆ ಗೋಡೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎಲ್ಲ ಕಂಬಗಳೂ ಕೆಳಗೆ ಒಂದು ಅಡಿತೊಲೆಯ ಮೇಲೆ ನಿಂತಿರುತ್ತವೆ. ಆ ಅಡಿತೊಲೆ ಮೊಣಕಾಲೆತ್ತರದ ಇಟ್ಟಿಗೆ ಅಥವಾ ಚಕಮಕಿ ಕಲ್ಲಿನ ಕಟ್ಟೆಯ ಮೇಲೆ ಕೂತಿರುತ್ತದೆ. ಮರ ಮಣ್ಣು ಮುಟ್ಟಬಾರದು ಎನ್ನುವುದಕ್ಕೇ ಆ ಕಟ್ಟೆ.

ಈಗ ವಾಲಿದ ನೆಲ. ಹಸಿ ಮರ ಮನೆಯಾಗಿ ನಿಂತ ಮೇಲೆ ಒಣಗುತ್ತದೆ. ಓಕ್ ಒಣಗುವಾಗ ಉಂಗುರಗಳ ಸುತ್ತ ಕುಗ್ಗುವುದು ಜಾಸ್ತಿ, ತಿರುಳಿನ ಕಡೆಗೆ ಕುಗ್ಗುವುದು ಸುಮಾರು ಅದರ ಅರ್ಧ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಮರ ತಿರುಚುತ್ತದೆ, ಸೀಳು ಬಿಡುತ್ತದೆ, ಭಾರಕ್ಕೆ ನಿಧಾನವಾಗಿ ಬಾಗುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಕಟ್ಟಿದ ಮೊದಲ ಕೆಲವು ದಶಕಗಳಲ್ಲೇ ಆಗಿಹೋಗುತ್ತದೆ. ಚೆಂಡು ಉರುಳುವುದು ಹಳೆಯ ಕಥೆ. ಉದ್ದುದ್ದದ ಸೀಳುಗಳೂ ಹಾಗೇ, ಅವಕ್ಕೆ ಏನನ್ನೂ ತುಂಬಬೇಡಿ. ಹೆದರಬೇಕಾದ್ದು ಹೊಸ ಚಲನೆಗೆ. ಕೀಲಿನಿಂದ ನಾಲಿಗೆ ಹೊರಬಂದು ಮರದ ಬಿಳಿ ಭಾಗ ಕಾಣುತ್ತಿದೆಯೇ? ಇತ್ತೀಚೆಗೆ ಬಳಿದ ಬಣ್ಣದ ಮೇಲೆ ಬಿರುಕು ಬಂದಿದೆಯೇ? ಬಾಗಿಲು ಕಳೆದ ವರ್ಷ ಮುಚ್ಚುತ್ತಿತ್ತು, ಈ ವರ್ಷ ಮುಚ್ಚುತ್ತಿಲ್ಲವೇ? ಮಾರುವವರನ್ನು ಈ ಕೊನೆಯ ಪ್ರಶ್ನೆ ಕೇಳಲೇಬೇಕು.

ಹಡಗಿನ ಮರದ ಕಥೆ ಇಂಗ್ಲೆಂಡಿನ ಹಳ್ಳಿಹಳ್ಳಿಯಲ್ಲೂ ಇದೆ. ಸಮುದ್ರದಿಂದ ದೂರದ ಊರುಗಳಲ್ಲೂ ಇದೆ. ಬಂದರುಗಳ ಹತ್ತಿರ ಹಾಗೆ ಮರ ಬಳಸಿದ್ದುಂಟು, ಆದರೆ ಅಪರೂಪ. ಹಡಗಿಗೆ ಕೆತ್ತಿದ ಬಾಗು ಮರ ಮನೆಯ ನೇರ ಚೌಕಟ್ಟಿಗೆ ಒಗ್ಗುವುದು ಕಷ್ಟ. ಸುತ್ತಲ ಕಾಡಿನಲ್ಲೇ ಓಕ್ ಸಿಗುತ್ತಿದ್ದಾಗ ಅಷ್ಟು ದೂರದಿಂದ ಹೊತ್ತು ತರುವ ಅಗತ್ಯವೂ ಇರಲಿಲ್ಲ. ಹಾಗಾದರೆ ಖಾಲಿ ಗುಳಿಗಳು? ನೀವು ಕಳಿಸಿದ ಮೂರನೇ ಫೋಟೋ ಮತ್ತೆ ನೋಡಿ. ಮಹಡಿಯ ಹೊರಗೋಡೆಯಲ್ಲಿ ತೊಲೆಯ ಅಡಿಭಾಗಕ್ಕೆ ಸಮ ಅಂತರದಲ್ಲಿ ಚೌಕ ಗುಳಿಗಳ ಸಾಲಿದೆ. ಪ್ರತಿ ಗುಳಿಯೂ ಮೂಲೆ ಮುಂದಾಗಿ, ವಜ್ರದ ಆಕಾರದಲ್ಲಿ ತಿರುಗಿದೆ. ಅದರ ಪಕ್ಕದಲ್ಲೇ ಉದ್ದಕ್ಕೆ ಕೊರೆದ ಒಂದು ತೋಡು ಇದೆ. ಅದು ಕಿಟಕಿ! ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಕಿಟಕಿಗೆ ಗಾಜಿರಲಿಲ್ಲ. ಮರದ ಸರಳುಗಳನ್ನು ಮೂಲೆ ಮುಂದಾಗಿ ನಿಲ್ಲಿಸುತ್ತಿದ್ದರು, ಒಳಗಿನಿಂದ ಹಲಗೆ ಬಾಗಿಲನ್ನು ಆ ತೋಡಿನಲ್ಲಿ ಸರಿಸಿ ಮುಚ್ಚುತ್ತಿದ್ದರು. ನಿಮ್ಮ ಮಲಗುವ ಕೋಣೆಯ ಗೋಡೆಯೊಳಗೆ ಗಾಜಿಲ್ಲದ ಒಂದು ಹಳೆಯ ಕಿಟಕಿ ಅಡಗಿದೆ. ಹಡಗಿಗಿಂತ ಇದೇ ನನಗೆ ದೊಡ್ಡ ಸಂಗತಿ ಅನಿಸುತ್ತದೆ. ದಯವಿಟ್ಟು ಆ ಗುಳಿಗಳನ್ನು ಪುಟ್ಟಿ ಹಾಕಿ ಮುಚ್ಚಿಸಬೇಡಿ.

ಒಲೆಯ ಪಕ್ಕದ ಸುಟ್ಟ ಗುರುತು ಬೆಂಕಿ ಅನಾಹುತದ್ದಲ್ಲ. ನೀರಹನಿಯ ಆಕಾರ, ಕೆಳಗೆ ದುಂಡಗೆ, ಮೇಲೆ ಚೂಪು, ಒಂದರ ಪಕ್ಕ ಒಂದು ಇದೆ ಅಲ್ವಾ? ಅಚಾತುರ್ಯದಿಂದ ಮೇಣದ ಬತ್ತಿ ತಾಗಿ ಹೀಗಾಗುವುದಿಲ್ಲ. ಜ್ವಾಲೆಯನ್ನು ಓರೆಯಾಗಿ ಕೆಲವು ನಿಮಿಷ ಹಿಡಿದರೆ ಮಾತ್ರ ಇಂಥ ಗುರುತು ಮೂಡುತ್ತದೆ ಎಂದು ಪ್ರಯೋಗ ಮಾಡಿ ನೋಡಿದ್ದಾರೆ. ಬೇಕೆಂದೇ ಮಾಡಿದ್ದು. ಬೆಂಕಿ, ಕೆಟ್ಟ ದೃಷ್ಟಿ, ಮಾಟ ಇವು ಮನೆಗೆ ತಟ್ಟದಿರಲಿ ಎಂದು ಒಲೆ, ಬಾಗಿಲ ಹತ್ತಿರ ಹೀಗೆ ಗುರುತು ಹಾಕುತ್ತಿದ್ದರು ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸುರಂಗದ ಮಾತು ಬಿಡಿ. ಹಳೆಯ ತಂಗುಮನೆಯ ನೆಲಮಾಳಿಗೆಯಲ್ಲಿ ಮುಚ್ಚಿದ ಕಮಾನು ಕಂಡರೆ ಅದು ಸಾಮಾನ್ಯವಾಗಿ ಪೀಪಾಯಿ ಇಳಿಸುವ ದಾರಿ, ಇಲ್ಲವೇ ಚರಂಡಿ, ಇಲ್ಲವೇ ಪಕ್ಕದ ಇನ್ನೊಂದು ನೆಲಮಾಳಿಗೆ.

ಆದರೆ ಇದು ತಂಗುಮನೆಯಾಗಿತ್ತು ಎನ್ನುವುದು ಸುಮ್ನೆ ಹೇಳಿಕೊಳ್ಳುವ ಕಥೆಯಲ್ಲ. ಮನೆಯ ದುರ್ಬಲ ಜಾಗಗಳು ಎಲ್ಲಿರುತ್ತವೆ ಎಂದು ಅದೇ ತೋರಿಸಿಕೊಡುತ್ತದೆ.

ಗ್ಲಾಸ್ಟರ್ ಪಟ್ಟಣದಲ್ಲಿ ನ್ಯೂ ಇನ್ ಎಂಬ ತಂಗುಮನೆ ಇದೆ. ಸುಮಾರು 1450ರಲ್ಲಿ ಅಲ್ಲಿನ ಸೇಂಟ್ ಪೀಟರ್ ಮಠದವರು ಕಟ್ಟಿಸಿದ್ದು. ಗಾಡಿ ಒಳಗೆ ಬರಲು ದೊಡ್ಡ ಬಾಗಿಲು, ನಡುವೆ ಅಂಗಳ, ಸುತ್ತ ಮಹಡಿಯಲ್ಲಿ ಮರದ ಮೊಗಸಾಲೆ, ಅದರಿಂದ ಒಂದೊಂದು ಕೋಣೆಗೆ ಬಾಗಿಲು. ಲಂಡನ್ನಿನ ಸದರ್ಕ್‌ನಲ್ಲಿ ಜಾರ್ಜ್ ಇನ್ ಇದೆ. 1676ರ ಬೆಂಕಿಯ ನಂತರ 1677ರಲ್ಲಿ ಮತ್ತೆ ಕಟ್ಟಿದ್ದು. ಅಂಗಳದ ಸುತ್ತ ಇದ್ದ ಮೊಗಸಾಲೆಗಳ ಬಹುಭಾಗವನ್ನು 1889ರಲ್ಲಿ ರೈಲು ಕಂಪನಿ ಕೆಡವಿತು, ಈಗ ಒಂದೇ ಬದಿ ಉಳಿದಿದೆ. ಲಂಡನ್ನಿನಲ್ಲಿ ಉಳಿದಿರುವ ಇಂಥ ತಂಗುಮನೆ ಅದೊಂದೇ. ಹಳ್ಳಿಯ ತಂಗುಮನೆಗಳು ಇಷ್ಟು ದೊಡ್ಡವಲ್ಲ, ಆದರೆ ಗಾಡಿಬಾಗಿಲು, ಅಂಗಳ, ಲಾಯ, ನೆಲಮಾಳಿಗೆ ಇವು ಅಲ್ಲೂ ಇರುತ್ತಿದ್ದವು. 1784ರಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಟಪಾಲು ಗಾಡಿ ಓಡಿದ ಮೇಲೆ ಇವಕ್ಕೆ ಸುಗ್ಗಿ. 1838ರಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲು ಬಂತು. ನಿಮ್ಮ ಸಫೊಕ್‌ನ ಇಪ್ಸ್‌ವಿಚ್‌ಗೆ 1846ರಲ್ಲಿ ಬಂತು. ಗಾಡಿಗಳು ನಿಂತವು. ತಂಗುಮನೆಗಳು ಬರೀ ಪಬ್ ಆದವು, ಇಲ್ಲವೇ ಅಂಗಡಿಯಾದವು, ಮನೆಯಾದವು.

ಗಾಡಿ ನಿಂತ ಮೇಲೆ ಗಾಡಿಬಾಗಿಲು ಏತಕ್ಕೆ? ಅದನ್ನು ಮುಚ್ಚಿ ಕೋಣೆ ಮಾಡಿಕೊಂಡರು. ನಿಮ್ಮ ಮನೆಯ ರಸ್ತೆ ಕಡೆ ಇಟ್ಟಿಗೆ ಗೋಡೆಯ ಎಡಭಾಗದಲ್ಲಿ ಇಟ್ಟಿಗೆಯ ಬಣ್ಣ ಬೇರೆಯಾಗಿದೆ, ಕಿಟಕಿ ಮಿಕ್ಕವಕ್ಕಿಂತ ಅಗಲ ಇದೆ. ಅದೇ ಹಳೆಯ ಗಾಡಿಬಾಗಿಲು ಎಂದು ನನಗೆ ಹೆಚ್ಚುಕಡಿಮೆ ಖಾತ್ರಿ. ಇಲ್ಲಿ ಎರಡು ಸಂಗತಿ ನೋಡಬೇಕು. ಒಂದು, ಅದರ ಮೇಲಿನ ತೊಲೆ. ಗಾಡಿಯ ಅಗಲಕ್ಕೆ ಕಂಬವಿಲ್ಲದೆ ಹಾಯ್ದಿರುತ್ತದೆ, ಮೇಲೆ ಕೋಣೆಯ ಭಾರ. ಇನ್ನೊಂದು, ಎರಡೂ ಪಕ್ಕದ ಕಂಬಗಳ ಬುಡ. ಶತಮಾನಗಟ್ಟಲೆ ಚಕ್ರದ ಗುಂಬ ತಾಗಿ, ಕುದುರೆ ಕಾಲಿನ ಕೆಸರು ಎರಚಿ ಸವೆದಿರುತ್ತವೆ. ಆಮೇಲೆ ಇಟ್ಟಿಗೆಯೊಳಗೆ ಮುಚ್ಚಿಹೋಗಿರುತ್ತವೆ. ಕಣ್ಣಿಗೆ ಕಾಣದ ಜಾಗವೇ ಮೊದಲು ಕೊಳೆಯುವುದು.

ಇಟ್ಟಿಗೆ ಮುಖದ ಬಗ್ಗೆಯೂ ಒಂದು ಮಾತು. 18ನೇ ಶತಮಾನದಲ್ಲಿ ಮರದ ಮನೆ ಹಳೇ ಫ್ಯಾಷನ್ ಆಯಿತು. ಆಗ ಅನೇಕರು ಮುಂದೆ ಒಂದು ಇಟ್ಟಿಗೆ ಪದರ ಕಟ್ಟಿಸಿದರು. ಹಿಂದೆ ಮಹಡಿ ರಸ್ತೆಯ ಮೇಲೆ ಮುಂಚಾಚಿಕೊಂಡಿದ್ದರೆ ಅದರ ಕೆಳಗೇ ಇಟ್ಟಿಗೆ ಏರಿಸಿದರು. ಒಳಗೆ ನಿಂತು ನೋಡಿ. ಮಹಡಿಯ ಜಂತೆಗಳು ಇಟ್ಟಿಗೆ ಗೋಡೆಯೊಳಗೆ ಹೋಗಿ ಮಾಯವಾಗುತ್ತವೆಯೇ? ಆ ತುದಿಗಳು ತಂಪು ಇಟ್ಟಿಗೆಯೊಳಗೆ ಹುದುಗಿರುತ್ತವೆ. ಅವನ್ನು ಪರೀಕ್ಷಿಸದೆ ಸಹಿ ಹಾಕಬೇಡಿ.

ಮೂರನೆಯದು ನೆಲಮಾಳಿಗೆ. ಪಬ್ ಇದ್ದಾಗ ಪೀಪಾಯಿ ಇಳಿಸುವ ಬಾಗಿಲು ದಿನಾ ತೆರೆಯುತ್ತಿತ್ತು, ಗಾಳಿ ಆಡುತ್ತಿತ್ತು. ಮೇಲೆ ಒಲೆ ಉರಿಯುತ್ತಿತ್ತು, ಜನ ಬಾಗಿಲು ತೆರೆದು ಮುಚ್ಚುತ್ತಲೇ ಇದ್ದರು. ಮನೆಯಾದ ಮೇಲೆ ಪೀಪಾಯಿ ಬಾಗಿಲಿಗೆ ಕಾಂಕ್ರೀಟ್ ಹಾಕಿದ್ದಾರೆ. ಅದು ನಿಮ್ಮ ಫೋಟೋದಲ್ಲೇ ಕಾಣುತ್ತದೆ. ಕಿಟಕಿಗಳನ್ನು ಬಿಗಿ ಮಾಡಿದ್ದಾರೆ. ಒಳಗೆ ಸ್ನಾನ, ಅಡುಗೆ, ಬಟ್ಟೆ ಒಣಗಿಸುವುದು ನಡೆದೇ ಇದೆ. ನೆಲಮಾಳಿಗೆಯ ತೇವ ಮೇಲಿನ ನೆಲದ ಜಂತೆಗಳಿಗೆ ಏರಿ ಅಲ್ಲೇ ನಿಲ್ಲುತ್ತದೆ. ಮಾಳಿಗೆ ಸ್ವಲ್ಪ ತೇವವಾಗಿರುವುದು ತಪ್ಪಲ್ಲ, ಗಾಳಿ ಇಲ್ಲದಿರುವುದು ತಪ್ಪು. ಅದಕ್ಕೆ ನೀರು ತಡೆಯುವ ಲೇಪನ ಹಾಕಿಸಿದರೆ ತೇವ ಪಕ್ಕದ ಗೋಡೆ ಹತ್ತಿ ಮೇಲೆ ಬರುತ್ತದೆ. ಗಾಳಿಕಿಂಡಿ ತೆರೆಯಿಸಿ, ಸಾಕು.

ಈಗ ಸಿಮೆಂಟ್. ಸುಣ್ಣದ ಗಾರೆ ಮಳೆನೀರನ್ನು ಸ್ವಲ್ಪ ಹೀರುತ್ತದೆ, ಬಿಸಿಲು ಗಾಳಿ ಬಂದಾಗ ಬಿಟ್ಟುಬಿಡುತ್ತದೆ. ಮರ ಅಲ್ಪಸ್ವಲ್ಪ ಅಲುಗಿದರೂ ಗಾರೆ ಅದರ ಜೊತೆ ಬಾಗುತ್ತದೆ. ಸಿಮೆಂಟ್ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಕೂದಲೆಳೆಯ ಬಿರುಕಿನಲ್ಲಿ ಮಳೆನೀರು ಒಳಗೆ ಹೋಗುತ್ತದೆ. ಹೊರಗೆ ಬರಲು ದಾರಿ ಇಲ್ಲ. ಗಿಲಾವಿನ ಹಿಂದೆ ಜಾರಿ, ಕಂಬದ ಬುಡಕ್ಕೆ ಇಳಿದು, ಅಡಿತೊಲೆಯ ಮೇಲೆ ಕೂರುತ್ತದೆ. ಒಳಗಡೆಯಿಂದ ಜಿಪ್ಸಂ ಪ್ಲಾಸ್ಟರ್, ಪ್ಲಾಸ್ಟಿಕ್ ಪೇಂಟ್ ಇದ್ದರೆ ಆ ಕಡೆಯೂ ಬಾಗಿಲು ಮುಚ್ಚಿದಂತೆ. ಜೊತೆಗೆ ರಸ್ತೆಗೆ ಡಾಂಬರು ಹಾಕಿ ಹಾಕಿ ಹೊರಗಿನ ನೆಲ ಏರಿರುತ್ತದೆ. ನಿಮ್ಮ ಫೋಟೋದಲ್ಲಿ ಅಂಗಳದ ಕಡೆ ಆ ಮೊಣಕಾಲೆತ್ತರದ ಕಟ್ಟೆ ಕಾಣುವುದೇ ಇಲ್ಲ. ಹೂವಿನ ಪಾತಿಯ ಮಣ್ಣಿನಲ್ಲಿ ಹೂತುಹೋಗಿದೆ. ಅಡಿತೊಲೆ ಈಗ ಮಣ್ಣಿನ ಮಟ್ಟದಲ್ಲಿದೆ ಎಂದೇ ಅರ್ಥ. ನಿಮ್ಮ ತಪಾಸಣಾ ವರದಿ ಹೇಳಿದ 'ತೇವ' ಇದೇ ಇರಬೇಕು.

ಇದಕ್ಕೆ ಇಂಜೆಕ್ಷನ್ ಏನೂ ಮಾಡಲಾರದು. ಆ ಔಷಧ ಇರುವುದು ಇಟ್ಟಿಗೆ ಗೋಡೆಯಲ್ಲಿ ನೆಲದಿಂದ ಏರುವ ತೇವಕ್ಕೆ. ಇಲ್ಲಿ ನೀರು ಬರುತ್ತಿರುವುದು ಮೇಲಿನಿಂದ, ಪಕ್ಕದಿಂದ. ಅಡಿಕಟ್ಟೆಗೆ ತೂತು ಕೊರೆದರೆ ಕಟ್ಟೆ ಹಾಳು, ದುಡ್ಡೂ ಹೋಯಿತು. ಇನ್ನೊಂದು ವಿಷಯ: ಆ ಕೈಯಲ್ಲಿ ಹಿಡಿಯುವ ತೇವ ಅಳೆಯುವ ಮೀಟರ್‌ನ ಅಂಕಿಗಳು ಮರಕ್ಕೆ ಹೊಂದಿಸಿದವು. ಉಪ್ಪು ಕೂತಿರುವ ಹಳೆಯ ಪ್ಲಾಸ್ಟರಿಗೆ ಹಿಡಿದರೆ ಒಣಗಿದ್ದರೂ ಒದ್ದೆ ಎನ್ನುತ್ತದೆ. ಮರಕ್ಕೇ ಹಿಡಿದು ನೋಡಿಸಿ. ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಆ ಜಾಗದಲ್ಲಿ ಮರ ಕೊಳೆಯುವುದಿಲ್ಲ. ಉಚಿತವಾಗಿ ತಪಾಸಣೆ ಮಾಡಿ, ಔಷಧವನ್ನೂ ತಾವೇ ಮಾರುವವರ ವರದಿಯನ್ನು ನಂಬಿ ಇಷ್ಟು ದೊಡ್ಡ ನಿರ್ಧಾರ ಮಾಡಬೇಡಿ.

ಹುಳದ ವಿಷಯ. ಎರಡು ಬಗೆಯ ಕುಟ್ಟೆ ಹುಳ ಇರುತ್ತವೆ. ಒಂದು ಸಾಮಾನ್ಯ ಪೀಠೋಪಕರಣದ ಹುಳ. ತೂತು 1ರಿಂದ 2 ಮಿಲಿಮೀಟರ್. ಓಕ್‌ನ ಹೊರಗಿನ ಮೆದು ಮರವನ್ನು ಮಾತ್ರ ತಿನ್ನುತ್ತದೆ, ನಡುವಿನ ಗಟ್ಟಿ ಮರ ಮುಟ್ಟುವುದು ಕಡಿಮೆ. ಇನ್ನೊಂದು ಡೆತ್ ವಾಚ್ ಬೀಟಲ್. ತೂತು ಸುಮಾರು 3 ಮಿಲಿಮೀಟರ್. ಏಪ್ರಿಲ್‌ನಿಂದ ಜೂನ್‌ವರೆಗೆ ಜೋಡಿ ಕರೆಯಲು ತಲೆಯಿಂದ ಮರಕ್ಕೆ ಟಕಟಕ ಬಡಿಯುತ್ತದೆ. ರಾತ್ರಿ ಸದ್ದಿಲ್ಲದಾಗ ಕೇಳಿಸುತ್ತದೆ. ಇದು ಅಪಾಯದ್ದು. ಆದರೆ ಇದಕ್ಕೂ ಬೇಕಾದ್ದು ತೇವಕ್ಕೆ ಸಿಕ್ಕಿ, ಬೂಷ್ಟಿನಿಂದ ಮೆತ್ತಗಾದ ಓಕ್. ಮರ ಒಣಗಿದರೆ ಅದರ ಸಂತತಿ ತಾನಾಗಿ ಕುಗ್ಗುತ್ತದೆ. ಮರಿಹುಳ ಮರದ ಆಳದಲ್ಲಿ ಹತ್ತು ವರ್ಷವೂ ಇರಬಲ್ಲದು, ಮೇಲೆ ಸಿಂಪಡಿಸಿದ ಔಷಧ ಗಟ್ಟಿ ಓಕ್‌ನೊಳಗೆ ಅಷ್ಟು ಇಳಿಯುವುದೇ ಇಲ್ಲ. ಬದಲಿಗೆ ಆ ಹುಳುಗಳನ್ನು ತಿನ್ನುವ ಜೇಡಗಳು ಸಾಯುತ್ತವೆ.

ಹಳೆಯ ತೂತು ಇದ್ದ ಮಾತ್ರಕ್ಕೆ ಹುಳ ಇದೆ ಎಂದಲ್ಲ. ತೂತುಗಳ ಮೇಲೆ ತೆಳು ಕಾಗದ ಅಂಟಿಸಿ, ಬೇಸಿಗೆ ಮುಗಿದ ಮೇಲೆ ನೋಡಬೇಕು. ಕಾಗದ ತೂತಾಗಿದ್ದರೆ ಹುಳ ಇದೆ. ಕೊಳ್ಳುವ ಮೊದಲು ಅಷ್ಟು ಕಾಯಲಾಗದಿದ್ದರೆ ತೂತಿನ ಕೆಳಗೆ ತಿಳಿಬಣ್ಣದ ಹೊಸ ಪುಡಿ ಬಿದ್ದಿದೆಯೇ ನೋಡಿ. ಸಾಲ ಕೊಡುವವರು ಗ್ಯಾರಂಟಿ ಕಾಗದ ಬೇಕೇಬೇಕು ಎಂದರೆ, ಔಷಧ ಮಾರದ ಸ್ವತಂತ್ರ ತಜ್ಞರ ವರದಿ ಒಪ್ಪುತ್ತೀರಾ ಎಂದು ಕೇಳಿ. ಎಷ್ಟೋ ಸಲ ಒಪ್ಪುತ್ತಾರೆ.

ಹಾಗಾದರೆ ಸಿಮೆಂಟನ್ನು ಏನು ಮಾಡುವುದು? ಎಲ್ಲವನ್ನೂ ಕಿತ್ತು ಸುಣ್ಣದ ಗಾರೆ ಮಾಡಿಸುವುದು ಒಂದು ದಾರಿ. ಮನೆಗೆ ಅದೇ ಒಳ್ಳೆಯದು. ಆದರೆ ಸಿಮೆಂಟ್ ಗಟ್ಟಿಯಾಗಿ ಹಿಡಿದಿದ್ದರೆ ಕೀಳುವಾಗ ಹಳೆಯ ಮಣ್ಣು ತಡಿಕೆಯೂ ಕಿತ್ತುಬರುತ್ತದೆ. ಒಳಗೆ ಏನು ಸಿಗುತ್ತದೆ ಎಂದು ತೆಗೆಯುವವರೆಗೆ ತಿಳಿಯುವುದಿಲ್ಲ, ಖರ್ಚು ಹಿಡಿತಕ್ಕೆ ಸಿಗದೆ ಹೋಗಬಹುದು. ಹಾಗೇ ಬಿಟ್ಟು ಬಿರುಕು ಮಾತ್ರ ಮುಚ್ಚಿಸುವುದು ಇನ್ನೊಂದು. ಇದು ಅಗ್ಗ. ಆದರೆ ಪ್ರತಿ ವರ್ಷ ಹೊಸ ಬಿರುಕು ಬರುತ್ತದೆ, ಅಡಿತೊಲೆ ಕತ್ತಲಲ್ಲಿ ಕೊಳೆಯುತ್ತಲೇ ಇರುತ್ತದೆ. ನಾನಾದರೆ ಮೊದಲು ಹೂವಿನ ಪಾತಿ ತೆಗೆಸಿ, ಹೊರಗಿನ ನೆಲ ಇಳಿಸಿ, ಅಂಗಳದ ಕಡೆಯ ಕೆಟ್ಟ ಗೋಡೆಯ ಬುಡದಲ್ಲಿ ಮಾತ್ರ ಸಿಮೆಂಟ್ ಬಿಚ್ಚಿಸುತ್ತೇನೆ. ಅಡಿತೊಲೆಯ ಸ್ಥಿತಿ ನೋಡಿ ಮುಂದಿನದನ್ನು ನಿರ್ಧರಿಸುತ್ತೇನೆ. ಇದರಲ್ಲೂ ತೊಂದರೆ ಇಲ್ಲದೆ ಇಲ್ಲ. ಹಳೆಯ ಸಿಮೆಂಟ್ ಹೊಸ ಗಾರೆ ಸೇರುವ ಗೆರೆಯಲ್ಲಿ ನೀರು ಇಳಿಯಬಹುದು, ಅದನ್ನು ಕೆಲವು ಮಳೆಗಾಲ ಗಮನಿಸುತ್ತಿರಬೇಕು.

ಅಡಿತೊಲೆ ಕೊಳೆತಿದ್ದರೆ ಮನೆ ಮುಗಿಯಿತು ಎಂದು ಕೈಚೆಲ್ಲಬೇಡಿ. ಚೌಕಟ್ಟನ್ನು ಊರೆಕೊಟ್ಟು ಹಿಡಿದು, ಕೆಟ್ಟ ಭಾಗ ಮಾತ್ರ ಸ್ವಲ್ಪಸ್ವಲ್ಪವಾಗಿ ತೆಗೆದು ಹೊಸ ಓಕ್ ಕೂರಿಸುತ್ತಾರೆ. ಕಂಬದ ಬುಡ ಕೆಟ್ಟಿದ್ದರೆ ಅಷ್ಟನ್ನೇ ಕತ್ತರಿಸಿ, ಹೊಸ ಮರವನ್ನು ಓರೆ ಕೀಲಿನಿಂದ ಬೆಸೆಯುತ್ತಾರೆ. ಬೋಲ್ಟು ಬೇಕಾದ ಕಡೆ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಓಕ್‌ನ ಒಗರು ಸಾಮಾನ್ಯ ಕಬ್ಬಿಣವನ್ನು ತಿನ್ನುತ್ತದೆ, ಮರವೂ ಕಪ್ಪಾಗುತ್ತದೆ. ಕೊಳೆತ ಜಾಗಕ್ಕೆ ರೆಸಿನ್ ಸುರಿಯುತ್ತೇವೆ ಎನ್ನುವವರನ್ನು ದೂರ ಇಡಿ. ಅದು ಗಟ್ಟಿಯಾಗಿ ನಿಂತು ಸುತ್ತಲ ಮರದಲ್ಲಿ ನೀರು ಹಿಡಿಯುತ್ತದೆ.

ನಿಮ್ಮ ಯಜಮಾನರ ಅಡುಗೆಮನೆ ಆಸೆ. ಆ ಅಡ್ಡಗೋಡೆ ಅಂಕಣದ ಗಡಿಯಲ್ಲಿದೆಯೇ ಎಂದು ಮೊದಲು ನೋಡಿ. ಮೇಲೆ ದೊಡ್ಡ ಅಡ್ಡತೊಲೆ ಇದ್ದು, ಗೋಡೆಯಲ್ಲಿ ಓರೆ ಮರಗಳಿದ್ದರೆ ಅದು ಮನೆಯನ್ನು ಅಡ್ಡಕ್ಕೆ ವಾಲದಂತೆ ಹಿಡಿದಿರುವ ಗೋಡೆ, ಮುಟ್ಟಬಾರದು. ಪಬ್ ಕಾಲದಲ್ಲಿ ಬಾರ್ ಅಗಲ ಮಾಡಲು ಹಾಕಿದ ಹೊಸ ಪ್ಲಾಸ್ಟರ್ ಬೋರ್ಡ್ ಗೋಡೆಯಾದರೆ ಮಾತು ಬೇರೆ. ಯಾವುದೇ ಆದರೂ ಅನುಮತಿ ಬೇಕಾಗಬಹುದು. ಗ್ರೇಡ್ 2 ಎಂದರೆ ಹೊರಮುಖ ಮಾತ್ರ ಎಂದು ತುಂಬಾ ಜನ ತಿಳಿದಿದ್ದಾರೆ. ಒಳಗಿನದೂ ಸೇರುತ್ತದೆ, ಹಿಂದಿನ ಲಾಯವೂ ಸೇರಬಹುದು. 1990ರ ಕಾಯ್ದೆ ಪ್ರಕಾರ ಪಟ್ಟಿಯ ಕಟ್ಟಡದ ಸ್ವರೂಪ ಬದಲಿಸುವ ಕೆಲಸವನ್ನು ಒಪ್ಪಿಗೆ ಇಲ್ಲದೆ ಮಾಡುವುದು ಅಪರಾಧ. ಜೈಲೂ ಆಗಬಹುದು. ಹಿಂದಿನವರು ಕದ್ದು ಮಾಡಿದ ಕೆಲಸವಿದ್ದರೆ ಶಿಕ್ಷೆ ನಿಮಗಾಗದು, ಆದರೆ ಸರಿಪಡಿಸಿ ಎಂಬ ನೋಟಿಸ್ ಈಗಿನ ಮಾಲೀಕರಿಗೆ ಬರುತ್ತದೆ. ಅದಕ್ಕೆ ಕಾಲಮಿತಿ ಇಲ್ಲ. ಹಾಗಾಗಿ 1980ರ ದಶಕದಲ್ಲಿ ಪಬ್ಬನ್ನು ಮನೆ ಮಾಡಿದಾಗ ಸಿಕ್ಕ ಅನುಮತಿಗಳ ನಕಲನ್ನು ನಿಮ್ಮ ವಕೀಲರಿಂದ ಕೇಳಿಸಿ, ಅದರ ನಕ್ಷೆ ಹಿಡಿದು ಮನೆಯಲ್ಲಿ ಓಡಾಡಿ ಹೋಲಿಸಿ. ಸ್ಥಳೀಯ ಆಡಳಿತದ ಸಂರಕ್ಷಣಾ ಅಧಿಕಾರಿ ಶತ್ರುವಲ್ಲ. ಕೆಲಸಕ್ಕೆ ಮೊದಲೇ ಹೋಗಿ ಮಾತಾಡಿದವರಿಗೆ ಅವರಿಂದ ಸಹಾಯವೇ ಆಗಿರುವುದನ್ನು ನೋಡಿದ್ದೇನೆ.

ಫೋಮ್ ಬೇಡ. ಇದರಲ್ಲಿ ನನಗೆ ಅರೆಮನಸ್ಸಿಲ್ಲ. ಸಿಮೆಂಟ್ ಹೊರಗಿನಿಂದ ಮಾಡುವ ಕೆಲಸವನ್ನೇ ಫೋಮ್ ಒಳಗಿನಿಂದ ಮಾಡುತ್ತದೆ. ಚಾವಣಿಗೆ ಸ್ಪ್ರೇ ಫೋಮ್ ಹೊಡೆಸಿದ ಮನೆಗೆ ಸಾಲ ಕೊಡಲು ಹಲವು ಬ್ಯಾಂಕುಗಳು ಹಿಂಜರಿಯುತ್ತವೆ, ನಾಳೆ ಮಾರುವುದೂ ಕಷ್ಟ. ಅಟ್ಟದ ನೆಲಕ್ಕೆ ಕುರಿಯ ಉಣ್ಣೆ ಅಥವಾ ಮರದ ನಾರಿನ ಹಾಸು ಹಾಕಿಸಿ, ಸೂರಿನ ಕಡೆ ಗಾಳಿಗೆ ದಾರಿ ಬಿಡಿ. ಕಿಟಕಿಗೆ ಒಳಗಿನಿಂದ ಎರಡನೇ ಗಾಜು, ದಪ್ಪ ಪರದೆ. ಮರ ಮತ್ತು ಗೋಡೆ ಸೇರುವ ಸಂದುಗಳಲ್ಲಿ ಗಾಳಿ ನುಗ್ಗುವುದನ್ನು ಸುಣ್ಣದ ಗಾರೆಯಿಂದ ಮುಚ್ಚಿಸಿದರೆ ಅರ್ಧ ಚಳಿ ಅಲ್ಲೇ ಕಡಿಮೆಯಾಗುತ್ತದೆ. ಗೋಡೆಗೂ ಬೇಕೇಬೇಕು ಎಂದರೆ ತೆಳುವಾದ ಮರದ ನಾರಿನ ಹಲಗೆ, ಮೇಲೆ ಸುಣ್ಣದ ಗಾರೆ. ಅದೂ ಗೋಡೆ ಪೂರ್ತಿ ಒಣಗಿದ ಮೇಲೆ. ಒಳಗಿನ ಹಳೆಯ ಚಿತ್ರ, ಗೀಚು, ಗುರುತು ಏನಿದೆ ಎಂದು ನೋಡಿದ ಮೇಲೆ.

ಕಪ್ಪು ಬಣ್ಣ ಬಹುಮಟ್ಟಿಗೆ 19ನೇ ಶತಮಾನದಿಂದೀಚಿನ ರೂಢಿ. ಸಫೊಕ್‌ನಲ್ಲಿ ಹಿಂದೆ ಓಕ್ ಅನ್ನು ಬೆಳ್ಳಿಬಣ್ಣಕ್ಕೆ ತಿರುಗಲು ಬಿಡುತ್ತಿದ್ದರು, ಇಲ್ಲವೇ ಗೋಡೆಯ ಜೊತೆಗೇ ಸುಣ್ಣ ಬಳಿಯುತ್ತಿದ್ದರು. ಆ ಕಪ್ಪನ್ನು ತೆಗೆಸಬೇಕೆಂದರೆ ಮರಳು ಚಿಮ್ಮಿಸಿ ಉಜ್ಜಿಸಬೇಡಿ. ಬಡಗಿಯ ಗುರುತು, ಉಳಿಯ ಏಟು, ಆ ಸುಟ್ಟ ಹನಿಗಳು ಎಲ್ಲ ಒಂದೇ ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತವೆ, ಮತ್ತೆ ಬರುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಿದರೆ ಆ ಧೂಳು ಮಗುವಿನ ಉಸಿರಿಗೆ ಹೋಗುತ್ತದೆ. ಒಳಗಿನ ಕಪ್ಪನ್ನು ಸದ್ಯಕ್ಕೆ ಹಾಗೇ ಬಿಡಿ.

ಇನ್ನು ಕೊಳ್ಳಬೇಕೇ ಬೇಡವೇ. ಹಳೆಯ ಮರದ ಮನೆಗಳಲ್ಲಿ ಕೆಲಸ ಮಾಡಿರುವ ತಜ್ಞರಿಂದ ಮೂರನೇ ಹಂತದ (ಲೆವೆಲ್ 3, ಅತ್ಯಂತ ವಿವರವಾದ) ಪೂರ್ಣ ತಪಾಸಣೆ ಮಾಡಿಸಿ. 1877ರಲ್ಲಿ ವಿಲಿಯಂ ಮಾರಿಸ್ ಮತ್ತವರ ಗೆಳೆಯರು ಶುರು ಮಾಡಿದ ಹಳೆಯ ಕಟ್ಟಡಗಳ ರಕ್ಷಣಾ ಸಂಘ ಇಂದಿಗೂ ಇದೆ, ಅಂಥವರನ್ನು ಹುಡುಕಲು ಅವರನ್ನು ಕೇಳಬಹುದು. ಗಾಡಿಬಾಗಿಲ ಕಂಬಗಳು, ಜಂತೆ ತುದಿಗಳು, ಅಂಗಳದ ಕಡೆಯ ಅಡಿತೊಲೆ, ನೆಲಮಾಳಿಗೆಯ ಮೇಲಿನ ನೆಲ: ಈ ನಾಲ್ಕನ್ನು ಹೆಸರಿಟ್ಟು ಕೇಳಿ. ಅಡಿತೊಲೆ ಒಂದು ಗೋಡೆಯಲ್ಲಿ ಕೊಳೆತಿದೆ ಎಂದು ಬಂದರೆ ಬೆಲೆ ಇಳಿಸಿ ಕೊಳ್ಳಿ. ಅಡ್ಡತೊಲೆಯನ್ನೇ ಯಾರೋ ಕತ್ತರಿಸಿದ್ದಾರೆ, ಅದಕ್ಕೆ ಕಾಗದಪತ್ರವಿಲ್ಲ ಎಂದು ಬಂದರೆ, ಅಥವಾ ಬುಡ ಬಿಚ್ಚಿ ನೋಡಲು ಮಾರುವವರು ಬಿಲ್ಕುಲ್ ಬಿಡುವುದಿಲ್ಲ ಎಂದರೆ, ಬೇರೆ ಮನೆ ನೋಡಿ. ಪಟ್ಟಿಯ ಕಟ್ಟಡದ ಬದಲಾವಣೆಗೆ ಮೊದಲಿದ್ದ ವ್ಯಾಟ್ ರಿಯಾಯಿತಿ 2012ರಲ್ಲೇ ಹೋಯಿತು. ಗುತ್ತಿಗೆದಾರರು ಹೇಳುವ ಮೊತ್ತಕ್ಕೆ ಶೇಕಡ 20 ಸೇರಿಸಿಯೇ ಲೆಕ್ಕ ಹಾಕಿ.

ಒಂದು ವೇಳೆ ಕೊಂಡು, ಮನೆ ಕೈಗೆ ಬರುವಷ್ಟರಲ್ಲಿ ಚಳಿಗಾಲ ಶುರುವಾದರೆ ಗಾರೆ ಕೆಲಸಕ್ಕೆ ಆತುರ ಬೇಡ. 5 ಡಿಗ್ರಿಗಿಂತ ಕೆಳಗೆ ಸುಣ್ಣ ಗಟ್ಟಿಯಾಗುವುದಿಲ್ಲ, ಹಿಮ ಬಿದ್ದರೆ ಉದುರುತ್ತದೆ. ಆ ಚಳಿಗಾಲಕ್ಕೆ ಸೂರಿನ ಮಳೆನೀರು ದೋಣಿಗಳನ್ನು ತೊಳೆಸಿ, ಒಡೆದ ಹೆಂಚು ಬದಲಿಸಿ, ಹೂವಿನ ಪಾತಿ ತೆಗೆಸಿ, ನೆಲಮಾಳಿಗೆಗೆ ಗಾಳಿಕಿಂಡಿ ಬಿಡಿಸಿ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬಂದು, ನೀರು ಎಲ್ಲೆಲ್ಲಿ ಗೋಡೆ ಮುಟ್ಟುತ್ತಿದೆ ಎಂದು ಫೋಟೋ ತೆಗೆದಿಡಿ. ಏಪ್ರಿಲ್‌ನಲ್ಲಿ ಗಾರೆ ಕೆಲಸದವರು ಬಂದಾಗ ಮೊದಲು ತೋರಿಸಬೇಕಾದ್ದು ಆ ಫೋಟೋಗಳನ್ನೇ.